ಅಡೆಲ್ ಹೆಚ್. ನೋಡಿದ್ದೀರಾ? ನಮ್ಮ ದೊಡ್ಡಮ್ಮನ ಪ್ರಕಾರ ಅವಳಿಗೆ ಬೇಕಿದ್ದುದು ಆ ಹುಡುಗ ಅಲ್ಲ

ಅಪ್ಪೆಮಿಡಿ:
ತೀರ್ಥಹಳ್ಳಿ ಕಡೆ ನಾಲ್ಕು ದಿನದಿಂದ ಮಳೆ ಹನಿ ಕಡಿದಿಲ್ಲ. ಕರೆಂಟು ಇದ್ದಾಗ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕುವುದು, ಹೋದ ಮೇಲೆ ಸಿನಿಮಾ ನೋಡುವುದು. ಸದ್ಯಕ್ಕೆ ನಮ್ಮನೆಯಲ್ಲಿ ಇದೇ ಉದ್ಯೋಗ. ಮೊನ್ನೆ ರಾತ್ರಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಅವರ 1975ರ 'ದಿ ಸ್ಟೋರಿ ಆಫ್ ಅಡೆಲ್ ಹೆಚ್.' ಹಾಕಿದೆ. ಒಬ್ಬನೇ ನೋಡೋಣ ಅಂದುಕೊಂಡಿದ್ದೆ. ದೊಡ್ಡಮ್ಮ ಕಂಬಳಿ ಹೊದ್ದುಕೊಂಡು ಬಂದು ಪಕ್ಕದಲ್ಲಿ ಕೂತರು. ಅವರಿಗೆ ಇಂಗ್ಲಿಷ್ ಬಾರದು, ಫ್ರೆಂಚಂತೂ ಕೇಳಬೇಡಿ. ಕೆಳಗೆ ಬರುವ ಸಾಲನ್ನೆಲ್ಲ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಗಂಟಲು ಕಟ್ಟಿತು, ಅದು ಬೇರೆ ಮಾತು.

ಗೊತ್ತಿಲ್ಲದವರಿಗೆ ಕಥೆ ನಾಲ್ಕು ಮಾತಿನಲ್ಲಿ. 1863ನೇ ಇಸವಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದೆ. ಅದಕ್ಕಿಂತ ಉತ್ತರಕ್ಕೆ, ಆಗ ಬ್ರಿಟಿಷರ ಕೈಯಲ್ಲಿದ್ದ, ಈಗಿನ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಬಂದಿಳಿಯುತ್ತಾಳೆ. ಹೆಸರು ಮಿಸ್ ಲ್ಯೂಲಿ ಅನ್ನುತ್ತಾಳೆ. ಅಸಲಿಗೆ ಅವಳು ಅಡೆಲ್ ಹ್ಯೂಗೋ, ಫ್ರಾನ್ಸಿನ ಹೆಸರಾಂತ ಲೇಖಕ ವಿಕ್ಟರ್ ಹ್ಯೂಗೋ ಮಗಳು. ಪಿನ್ಸನ್ ಅನ್ನುವ ಬ್ರಿಟಿಷ್ ಲೆಫ್ಟಿನೆಂಟನನ್ನು ಹುಡುಕಿಕೊಂಡು ಬಂದಿದ್ದಾಳೆ. ಅವನಿಗೆ ಇವಳು ಬೇಡ. ಎದುರು ಸಿಕ್ಕಿದ ಕೂಡಲೇ ಬೇಡ ಅಂತ ಹೇಳಿಯೂ ಬಿಡುತ್ತಾನೆ. ಬೇರೆ ಸಿನಿಮಾ ಆಗಿದ್ದರೆ ಅಲ್ಲಿಗೆ ಮುಗಿಯಬೇಕು. ಇದು ಅಲ್ಲಿಂದ ಶುರುವಾಗುತ್ತದೆ.

ಅವಳು ಏನೇನು ಮಾಡುತ್ತಾಳೆ ಅಂತ ಕೇಳಿ. ಮದುವೆ ಆಯಿತು ಅಂತ ಮನೆಗೆ ಕಾಗದ ಬರೆಯುತ್ತಾಳೆ. ಅಪ್ಪ ಅದನ್ನು ನಂಬಿ ಪತ್ರಿಕೆಯಲ್ಲಿ ಹಾಕಿಸುತ್ತಾನೆ. ಪಿನ್ಸನ್ ಬೇರೆ ಹುಡುಗಿಯನ್ನು ಮದುವೆಯಾಗಲು ಹೊರಟರೆ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಹೋಗಿ ಆ ಹುಡುಗಿಯ ಅಪ್ಪನ ಎದುರು ನಿಲ್ಲುತ್ತಾಳೆ. ಒಬ್ಬ ಸಮ್ಮೋಹಿನಿಯವನನ್ನು ಹಿಡಿದು, ಮನಸ್ಸಿಲ್ಲದವನನ್ನು ಮದುವೆಗೆ ಒಪ್ಪಿಸಲು ಆಗುತ್ತದಾ ಅಂತ ವಿಚಾರಿಸುತ್ತಾಳೆ. ಅವನ ಫೋಟೋ ಇಟ್ಟು, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಮೊಣಕಾಲೂರಿ ಕೂರುತ್ತಾಳೆ. ಪಕ್ಕಾ ದೇವರಗೂಡು.

ನಾನು ಇದನ್ನೆಲ್ಲ ಪ್ರೀತಿಯ ಹುಚ್ಚು ಅಂತಲೇ ನೋಡುತ್ತಿದ್ದೆ. ಅರ್ಧ ಆಗುವಷ್ಟರಲ್ಲಿ ದೊಡ್ಡಮ್ಮ ಹೇಳಿದರು: "ಇವಳಿಗೆ ಆ ಹುಡುಗ ಬೇಕಾಗಿಲ್ಲ ಮಾರಾಯ. ಅಪ್ಪನ ಹೆಸರು ಬೇಡವಾಗಿದೆ. ಅದನ್ನ ತೆಗೆದುಹಾಕೋಕೆ ಒಂದು ಗಂಡು ಬೇಕು, ಅಷ್ಟೇ."

ಆಮೇಲೆ ಸಿನಿಮಾ ಪೂರ್ತಿ ಬೇರೆ ಥರ ಕಾಣತೊಡಗಿತು. ಶೀರ್ಷಿಕೆ ನೋಡಿ, 'ಹೆಚ್.' ಅಷ್ಟೇ. ಮನೆತನದ ಹೆಸರೇ ಇಲ್ಲ. ಊರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಾಳೆ. ಒಂದು ಕಡೆಯಂತೂ ತಾನು ಅಪ್ಪ ಯಾರೆಂದು ಗೊತ್ತಿಲ್ಲದೆ ಹುಟ್ಟಿದವಳು ಅಂತಲೇ ಬರೆದುಕೊಳ್ಳುತ್ತಾಳೆ. ಪುಸ್ತಕದ ಅಂಗಡಿಯವನೊಬ್ಬ ಇದ್ದಾನೆ, ಕಾಲು ಸ್ವಲ್ಪ ಕುಂಟು, ಇವಳಿಗೆ ಕಾಗದ ಮಾರುವವನು. ಪಾಪ, ಅವನಿಗೆ ಇವಳ ಮೇಲೆ ಮನಸ್ಸು. ಪ್ರೀತಿಯಿಂದ ಒಂದು ಪುಸ್ತಕ ಕೊಡುತ್ತಾನೆ. ಬಿಚ್ಚಿ ನೋಡಿದರೆ ಅವಳಪ್ಪ ಬರೆದ 'ಲೇ ಮಿಸರಾಬ್ಲ್'! ಅವಳಿಗೆ ಬರುವ ಸಿಟ್ಟು ನೋಡಬೇಕು. ಪಿನ್ಸನ್ ಬೇಡ ಅಂದಾಗಲೂ ಅಷ್ಟು ಸಿಟ್ಟು ಬಂದಿರಲಿಲ್ಲ.

ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ದೊಡ್ಡಮ್ಮ ಹೇಳಿದ್ದು ಸರಿಯಾ, ಅಥವಾ ನಾನು ಸುಮ್ನೆ ತಲೆಯಾಡಿಸುತ್ತಿದ್ದೇನಾ?

ಕೊಟ್ಟೆ ಕಡುಬು:
ನೋಡಿದ್ದೇನೆ. ಆ ಹುಡುಗಿ ಸೈಕೋ. ಪಿನ್ಸನ್ ಪಾಪ. ಮುಗೀತು.

ಹಳೇ ಪ್ರೊಜೆಕ್ಟರ್:
ಅಪ್ಪೆಮಿಡಿ, ನಿಮ್ಮ ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳಿ. ಆದರೂ ಸ್ವಲ್ಪ ತಕರಾರು ಇದೆ.

ನಾನು ಸಾಗರದ ಕಡೆಯವನು. ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಪರದೇಶದ ಸಿನಿಮಾ ಹೀಗೂ ಇರುತ್ತದೆ ಅಂತ ನನಗೆ ಗೊತ್ತಾದದ್ದೇ ಆ ಹಳ್ಳಿಯಲ್ಲಿ. ಅಡಿಕೆ ಸುಲಿದು ಬಂದವರು, ಮಾಸ್ತರು, ಹೆಂಗಸರು, ಎಲ್ಲ ಒಟ್ಟಿಗೆ ಕೂತು ನೋಡುತ್ತಿದ್ದೆವು. ಸುಬ್ಬಣ್ಣನವರು ಹಾಕಿಕೊಟ್ಟ ಅಭ್ಯಾಸ ಅದು. ಅಲ್ಲಿಂದ ಬಂದ ಒಂದು ಪಾಠ ಇದೆ. ಕಥೆಗೆ ಕಾರಣ ಹುಡುಕುವ ಮೊದಲು ಕ್ಯಾಮೆರಾ ಎಲ್ಲಿ ನಿಂತಿದೆ ನೋಡು ಅನ್ನುವುದು.

ಇಲ್ಲಿ ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ಹ್ಯೂಗೋ ಪಾತ್ರವಾಗಿ ತೆರೆಗೆ ಬರುವುದೇ ಇಲ್ಲ. ಕಾಗದ ಬರುತ್ತದೆ, ದುಡ್ಡು ಬರುತ್ತದೆ, ಅಷ್ಟೇ. ಪಿನ್ಸನ್ ಕೂಡ ಒಂದು ಚಂದದ ಸಮವಸ್ತ್ರ ಅಷ್ಟೇ. ಬ್ರೂಸ್ ರಾಬಿನ್ಸನ್ ಮಾಡಿದ ಪಾತ್ರ ಅದು. ಒಂದು ಕಡೆ ಅವಳು ಬೀದಿಯಲ್ಲಿ ಒಬ್ಬ ಅಧಿಕಾರಿಯನ್ನು ಪಿನ್ಸನ್ ಅಂದುಕೊಂಡು ಹಿಂದೆ ಓಡುತ್ತಾಳೆ. ಅವನು ತಿರುಗುತ್ತಾನೆ. ಬೇರೆ ಯಾರೋ. ಆ ಬೇರೆ ಯಾರೋ ಯಾರು ಗೊತ್ತಾ? ಸ್ವತಃ ತ್ರೂಫೋ. ಸಮವಸ್ತ್ರ ಒಂದಿದ್ದರೆ ಒಳಗೆ ಯಾರಿದ್ದರೂ ನಡೆಯುತ್ತದೆ ಅಂತ ನಿರ್ದೇಶಕನೇ ತಮಾಷೆ ಮಾಡಿದ ಹಾಗಿದೆ.

ದೀಪದ ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಛಾಯಾಗ್ರಹಣ ನೆಸ್ಟರ್ ಅಲ್ಮೆಂದ್ರೋಸ್ ಅವರದು. ಮೂರು ವರ್ಷದ ನಂತರ ಬಂದ ಇನ್ನೊಂದು ಚಿತ್ರಕ್ಕೆ ಆಸ್ಕರ್ ಪಡೆದವರು. ಕಂದು, ಕಡು ನೀಲಿ, ನಡುವೆ ಒಂದು ಚಿಮಣಿ ದೀಪದಷ್ಟು ಹಳದಿ. ಮಳೆಗಾಲದಲ್ಲಿ ಕರೆಂಟು ಹೋದ ನಮ್ಮ ಹಳೇ ಮನೆಯ ನಡುಮನೆ ಬಣ್ಣ ಅದು. ನಿಮ್ಮ ದೊಡ್ಡಮ್ಮ ಅಷ್ಟು ಬೇಗ ಒಳಗೆ ಹೊಕ್ಕದ್ದು ಅದಕ್ಕೇ ಇರಬಹುದು. ಸಂಗೀತ ಮೋರಿಸ್ ಜೋಬೇರ್ ಅವರದು. ಅವರು ತೀರಿಕೊಂಡದ್ದು 1940ರಲ್ಲಿ, ಯುದ್ಧದಲ್ಲಿ. ಹಳೆಯ ಸಂಗೀತವನ್ನು ತಂದು ಈ ಚಿತ್ರಕ್ಕೆ ಕೂರಿಸಿದ್ದಾರೆ. ಸತ್ತವರ ಸಂಗೀತ, ಸತ್ತ ಅಕ್ಕನ ಕನಸು, ಎರಡೂ ಒಂದೇ ಕಡೆ.

ಆ ಅಕ್ಕನ ವಿಷಯ ನೀವು ಬಿಟ್ಟಿರಿ. 1843ರಲ್ಲಿ ಹ್ಯೂಗೋನ ಹಿರಿಮಗಳು ಲೆಪೋಲ್ದೀನ್ ಸೇನ್ ನದಿಯಲ್ಲಿ ದೋಣಿ ಮಗುಚಿ ಮುಳುಗಿದಳು. ಮದುವೆಯಾಗಿ ಏಳು ತಿಂಗಳು ಆಗಿರಲಿಲ್ಲ, ವಯಸ್ಸು 19. ಗಂಡನೂ ಜೊತೆಯಲ್ಲೇ ಹೋದ. ಅಡೆಲ್‌ಗೆ ಆಗ 13. ಸಿನಿಮಾದಲ್ಲಿ ಅವಳಿಗೆ ಪದೇಪದೇ ನೀರಿನಲ್ಲಿ ಮುಳುಗುವ ಕನಸು ಬೀಳುತ್ತದೆ. ಹೆಸರಿನ ಕಥೆ ಸರಿ. ಆದರೆ ನೀರನ್ನು ಬಿಟ್ಟು ಹೆಸರನ್ನು ಮಾತ್ರ ಹಿಡಿದರೆ ಅರ್ಧ ಸಿನಿಮಾ ಕೈಬಿಟ್ಟ ಹಾಗೆ.

ಅಪ್ಪೆಮಿಡಿ:
ಸಾರ್, ಇದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸತ್ತ ಮಗಳ ಮೇಲೆ ಅಪ್ಪ ಪದ್ಯ ಬರೆದನಾ?" ಬರೆದಿದ್ದಾನೆ, 1856ರ ಸಂಕಲನದ ಎರಡನೇ ಭಾಗ ಹೆಚ್ಚುಕಮ್ಮಿ ಅವಳ ನೆನಪಿನ ಸುತ್ತಲೇ ಇದೆ ಅಂದೆ. "ಹಾಗಾದ್ರೆ ಇದ್ದ ಮಗಳು ಎಲ್ಲಿಗೆ ಹೋಗ್ಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಟ್ಟೆ ಕಡುಬು:
ಎಲ್ಲರೂ ಅಪ್ಪನ ಮೇಲೆ ಹಾಕಿ ಕೈ ತೊಳೆದುಕೊಳ್ಳಿ. ನಾನು ಕೇಳುವುದು ಇಷ್ಟೇ. ಇದನ್ನೇ ಒಬ್ಬ ಗಂಡಸು ಮಾಡಿದ್ದರೆ? ಊರಿಂದ ಊರಿಗೆ ಹಿಂದೆ ಬಿದ್ದು, ಮದುವೆ ಆಯಿತು ಅಂತ ಪೇಪರಿನಲ್ಲಿ ಬರುವ ಹಾಗೆ ಮಾಡಿ, ಅವಳ ಮದುವೆ ಮುರಿದಿದ್ದರೆ? ನೀವು ಚಿಮಣಿ ದೀಪದ ಬಣ್ಣ ಹೊಗಳುತ್ತಿದ್ದಿರಾ? ಪೊಲೀಸ್ ಸ್ಟೇಷನ್ನಿಗೆ ಎಳೆಯುತ್ತಿದ್ದಿರಿ.

ಜಂಬಿಟ್ಟಿಗೆ:
ಕಡುಬು ಹೇಳಿದ್ದರಲ್ಲಿ ಹುರುಳಿದೆ. ವಕೀಲಿ ಬುದ್ಧಿ, ಸುಮ್ಮನಿರಲು ಆಗುವುದಿಲ್ಲ, ಹೇಳಿಬಿಡುತ್ತೇನೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಸುವುದನ್ನು ಅಪರಾಧ ಅನ್ನುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು. ಇದಕ್ಕೂ ಮೊದಲು, 2013ರಿಂದ, ಹಳೇ ದಂಡಸಂಹಿತೆಯಲ್ಲಿ 354ಡಿ ಇತ್ತು. ಆದರೆ ಅದರ ಮಾತು ಗಂಡಸು ಹೆಣ್ಣನ್ನು ಹಿಂಬಾಲಿಸುವುದರ ಬಗ್ಗೆ ಮಾತ್ರ. ಅಡೆಲ್ ಇವತ್ತು ನಮ್ಮೂರಲ್ಲಿ ಇದ್ದರೂ ಈ ಕಲಮಿಗೆ ಸಿಗುವುದಿಲ್ಲ.

ಕಾನೂನು ಹಾಗೇಕಿದೆ ಅನ್ನುವುದಕ್ಕೆ ಉತ್ತರ ಸಿನಿಮಾದಲ್ಲೇ ಇದೆ. ಪಿನ್ಸನ್‌ಗೆ ಏನಾಯಿತು? ಮೇಲಧಿಕಾರಿಯಿಂದ ಬೈಸಿಕೊಂಡ, ಒಂದು ಸಂಬಂಧ ತಪ್ಪಿತು, ಮುಜುಗರ ಆಯಿತು. ಅಡೆಲ್‌ಗೆ? ಇದ್ದ ಕೋಣೆ ಹೋಯಿತು, ದುಡ್ಡು ಹೋಯಿತು, ಕೊನೆಗೆ ಅನಾಥರು ಮಲಗುವ ಕಡೆ ಪೆಟ್ಟಿಗೆ ಕಾದುಕೊಂಡು ಮಲಗಬೇಕಾಯಿತು. ಗಂಡಸು ಹಿಂದೆ ಬಿದ್ದರೆ ಹುಡುಗಿಯ ಬದುಕು ಹಾಳಾಗುತ್ತದೆ. ಹುಡುಗಿ ಹಿಂದೆ ಬಿದ್ದರೂ ಹಾಳಾಗುವುದು ಹುಡುಗಿಯದೇ. ಹಾಗಂತ ಪಿನ್ಸನ್‌ಗೆ ಆದದ್ದು ತಪ್ಪಲ್ಲ ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನುವ ಹಕ್ಕು ಅವನಿಗೂ ಇದೆ.

ಇನ್ನೊಂದು ಸಂಗತಿ. ನಮ್ಮ ಸಿನಿಮಾಗಳಲ್ಲಿ ಹಿಂದೆ ಬಿದ್ದವನಿಗೆ ಕೊನೆಗೆ ಹುಡುಗಿ ಸಿಗುತ್ತಾಳೆ. ಹಾಡು ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಶಿವಮೊಗ್ಗದ ಟಾಕೀಸಿನಲ್ಲಿ ಅಂಥ ಎಷ್ಟು ಸಿನಿಮಾಕ್ಕೆ ನಾನೂ ಸೀಟಿ ಹೊಡೆದಿಲ್ಲ! ಈ ಸಿನಿಮಾ ಆ ಬಹುಮಾನವನ್ನು ಕೊಡುವುದಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದೇ ಅದು.

ಸಾಗರದ ಸೊಸೆ:
'ಸೈಕೋ' ಅನ್ನುವ ಪದ ನೋಡಿ ಬರೆಯಲೇಬೇಕು ಅನ್ನಿಸಿತು. ನಾನು ಮಾನಸಿಕ ಆರೋಗ್ಯದ ಕೆಲಸದಲ್ಲಿ ಇರುವವಳು.

ಒಬ್ಬರು ತಮ್ಮನ್ನು ಒಳಗೊಳಗೇ ಪ್ರೀತಿಸುತ್ತಿದ್ದಾರೆ, ಹೊರಗೆ ತೋರಿಸುತ್ತಿಲ್ಲ ಅಷ್ಟೇ, ಅಂತ ಗಟ್ಟಿಯಾಗಿ ನಂಬುವ ಒಂದು ಭ್ರಮೆಯ ಕಾಯಿಲೆ ಇದೆ. ಎರೊಟೊಮೇನಿಯಾ ಅನ್ನುತ್ತಾರೆ. ಫ್ರಾನ್ಸಿನದೇ ವೈದ್ಯ ಕ್ಲೆರಾಂಬೋ 1921ರಲ್ಲಿ ಇದನ್ನು ವಿವರವಾಗಿ ಬರೆದ. ಇದರ ಲಕ್ಷಣ ಏನೆಂದರೆ 'ಬೇಡ' ಅನ್ನುವ ಮಾತೂ ಪ್ರೀತಿಯ ಗುರುತಾಗಿಯೇ ಕೇಳಿಸುತ್ತದೆ. "ಜನ ನೋಡುತ್ತಾರೆ ಅಂತ ಹಾಗೆ ಹೇಳಿದ." "ಸಿಟ್ಟು ಬಂತು ಅಂದರೆ ಮನಸ್ಸಿದೆ ಅಂತ ತಾನೆ?" ಇದನ್ನು ವಾದ ಮಾಡಿ ಬಿಡಿಸಲು ಆಗುವುದಿಲ್ಲ. ಮನೆಯವರು ವರ್ಷಗಟ್ಟಲೆ ವಾದ ಮಾಡಿ ಸುಸ್ತಾಗಿ ಬರುತ್ತಾರೆ.

ಆದರೆ ಅಡೆಲ್‌ಗೆ ಅದೇ ಇತ್ತು ಅಂತ ನಾನು ಹೇಳಲಾರೆ. ಸಿನಿಮಾ ನೋಡಿ ಕಾಯಿಲೆ ಹೇಳುವುದು ನಮ್ಮ ಕೆಲಸ ಅಲ್ಲ. ಅದೂ ಅಲ್ಲದೆ ಪಿನ್ಸನ್ ಹಿಂದೊಮ್ಮೆ ಅವಳ ಹಿಂದೆ ಬಿದ್ದವನೇ. ಪೂರ್ತಿ ಅವಳ ಕಲ್ಪನೆ ಅಲ್ಲ. ಒಂದು ಕಾಲದಲ್ಲಿ ನಿಜವಾಗಿದ್ದು ಆಮೇಲೆ ಇಲ್ಲವಾಯಿತು. ಕಷ್ಟ ಇರುವುದೇ ಅಲ್ಲಿ.

ಸಿನಿಮಾದಲ್ಲಿ ಇಲ್ಲದ ಒಂದು ಸಂಗತಿ ಹೇಳುತ್ತೇನೆ. ವಿಕ್ಟರ್ ಹ್ಯೂಗೋಗೆ ಯೂಜೆನ್ ಅಂತ ಒಬ್ಬ ಅಣ್ಣ ಇದ್ದ. ಅವನೂ ಕವಿ. ತಮ್ಮ ಮದುವೆಯಾದ ಹುಡುಗಿಯನ್ನೇ ಅವನೂ ಇಷ್ಟಪಟ್ಟಿದ್ದ. 1822ರಲ್ಲಿ ಮದುವೆಯ ದಿನವೇ ಅವನ ಬುದ್ಧಿ ಕೆಟ್ಟಿತು. ಮುಂದೆ ಆಸ್ಪತ್ರೆಯಲ್ಲೇ ಇದ್ದು 1837ರಲ್ಲಿ ತೀರಿಕೊಂಡ. ಆ ಹುಡುಗಿಯೇ ಅಡೆಲ್‌ಳ ತಾಯಿ. ತಾಯಿಯ ಹೆಸರೂ ಅಡೆಲ್. ಚಿಕ್ಕಂದಿನಿಂದ ಇದನ್ನು ಪಿಸುಮಾತಿನಲ್ಲಿ ಕೇಳಿಸಿಕೊಂಡೇ ಬೆಳೆದ ಮಗಳಿಗೆ ಏನನ್ನಿಸಿರಬೇಕು?

ಓದುತ್ತಿರುವವರಲ್ಲಿ ಯಾರಿಗಾದರೂ ಮನೆಯಲ್ಲಿ ಇಂಥದು ನಡೆಯುತ್ತಿದೆ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಕೊಟ್ಟೆ ಕಡುಬು:
ಸಾಗರದ ಅಕ್ಕ, ಆ ಪದ ವಾಪಸ್ ತೆಗೆದುಕೊಂಡೆ. ಆದರೂ ಪಿನ್ಸನ್ ಪಾಪವೇ.

ಶಿಕಾರಿಪುರದವ:
ಎಲ್ಲರೂ ಫ್ರಾನ್ಸು, ಕೆನಡಾ ಅಂತ ಸುತ್ತುತ್ತಿದ್ದೀರಿ. ನಮ್ಮ ಜಿಲ್ಲೆಯವಳನ್ನೇ ಮರೆತಿರಾ? ಉಡುತಡಿ ನಮ್ಮ ತಾಲೂಕಿನದು. ಅಕ್ಕಮಹಾದೇವಿಯೂ ಒಬ್ಬನಿಗಾಗಿ ಮನೆ, ಊರು, ಅರಮನೆ, ಉಟ್ಟ ಬಟ್ಟೆ ಎಲ್ಲ ಬಿಟ್ಟು ಒಂಟಿಯಾಗಿ ಹೊರಟವಳು. ಕಾಡಿನ ಗಿಳಿ, ಕೋಗಿಲೆಗಳನ್ನು ನಿಲ್ಲಿಸಿ ಅವನನ್ನು ಕಂಡಿರಾ ಅಂತ ಕೇಳಿದವಳು. ಚೆನ್ನಮಲ್ಲಿಕಾರ್ಜುನನೂ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಅಡೆಲ್ ಪ್ರೀತಿಯೇ ನನ್ನ ಧರ್ಮ ಅನ್ನುತ್ತಾಳೆ. ದೇವರಗೂಡು ಬೇರೆ. ಒಬ್ಬಳನ್ನು ಶರಣೆ ಅಂತೀವಿ, ಇನ್ನೊಬ್ಬಳನ್ನು ಆಸ್ಪತ್ರೆಗೆ ಹಾಕ್ತೀವಿ. ವ್ಯತ್ಯಾಸ ಏನು?

ಜಂಬಿಟ್ಟಿಗೆ:
ಹೋಲಿಕೆ ತಪ್ಪು. ಆ ಕಥೆಯಲ್ಲಿ ಅಡೆಲ್ ಸ್ಥಾನದಲ್ಲಿ ಇರುವುದು ಅಕ್ಕ ಅಲ್ಲ, ಕೌಶಿಕ. ಕಂಡ ಕೂಡಲೇ ಬೇಕು ಅಂದವನು ಅವನು. ಹರಿಹರ ಒಂದು ಥರ ಹೇಳಿದ, ಚಾಮರಸ ಇನ್ನೊಂದು ಥರ. ಮದುವೆ ಆಯಿತೋ ಇಲ್ಲವೋ ಅನ್ನುವುದರಲ್ಲೇ ಜಗಳ ಇದೆ. ಆದರೆ ಕೌಶಿಕ ಬೇಡವಾದವನು ಅನ್ನುವುದರಲ್ಲಿ ಜಗಳ ಇಲ್ಲ. ಅಕ್ಕ ಅರಮನೆಯಿಂದ ಹೊರಗೆ ಹೋದವಳು. ಅಡೆಲ್ ಮುಚ್ಚಿದ ಬಾಗಿಲು ಬಡಿದು ಒಳಗೆ ಬರಬೇಕು ಅನ್ನುವವಳು.

ಶಿಕಾರಿಪುರದವ:
ಕೌಶಿಕನ ಮಾತು ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ. ಆದರೆ ಅಡೆಲ್ ಕೂಡ ಮೊದಲು ಒಂದು ಅರಮನೆಯಿಂದ ಹೊರಗೆ ಬಂದವಳೇ ಅಲ್ವಾ? ಗರ್ನ್ಸಿ ದ್ವೀಪದ ಆ ಮನೆ. ಮೂರನೇ ನೆಪೋಲಿಯನ್ ಜೊತೆ ಕಿತ್ತಾಡಿ ದೇಶ ಬಿಟ್ಟ ಅಪ್ಪ 1855ರಿಂದ ಅಲ್ಲಿದ್ದ. ಅವನ ಹಟಕ್ಕೆ ಮಕ್ಕಳೂ ಗಡಿಪಾರು. ಯೌವನವೆಲ್ಲ ಸಮುದ್ರ ನೋಡುತ್ತಾ ಕಳೆಯಬೇಕು.

ಹಳೇ ಪ್ರೊಜೆಕ್ಟರ್:
ಇದಕ್ಕೆ ಒಂದು ಸಣ್ಣ ಸೇರಿಕೆ. ಅಡೆಲ್ ಹುಟ್ಟಿದ್ದು 1830ರಲ್ಲಿ. ಅಂದರೆ ಹ್ಯಾಲಿಫ್ಯಾಕ್ಸಿಗೆ ಬಂದಾಗ 33 ಆಸುಪಾಸು. ಪಾತ್ರ ಮಾಡಿದ ಇಸಾಬೆಲ್ ಅಜಾನಿಗೆ 20 ದಾಟಿರಲಿಲ್ಲ. ಆಸ್ಕರ್‌ನ ಅತ್ಯುತ್ತಮ ನಟಿ ವಿಭಾಗಕ್ಕೆ ಅಷ್ಟು ಚಿಕ್ಕವಯಸ್ಸಿನವರು ಅದಕ್ಕೂ ಮೊದಲು ಆಯ್ಕೆಯಾಗಿರಲಿಲ್ಲ. ಅಭಿನಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ 20ರ ಹುಡುಗಿ ಓಡಿಬಂದರೆ ಹುಡುಗಾಟ ಅಂತೀವಿ. 33ರವಳು ಹೊರಟರೆ ಅದು ತೀರ್ಮಾನ. ಸಿನಿಮಾದಲ್ಲಿ ಈ ತೂಕ ತಪ್ಪಿಹೋಗಿದೆ. ನನ್ನ ದೊಡ್ಡ ತಕರಾರು ಇದೇ.

ಇನ್ನೊಂದು ತಮಾಷೆ. ಹ್ಯಾಲಿಫ್ಯಾಕ್ಸ್ ಅಂತ ತೋರಿಸಿದ ಬೀದಿಗಳಲ್ಲಿ ಬಹುಪಾಲು ಚಿತ್ರೀಕರಿಸಿದ್ದು ಗರ್ನ್ಸಿಯಲ್ಲಿ. ಯಾವ ದ್ವೀಪ ಬಿಟ್ಟು ಓಡಿದಳೋ ಅದೇ ದ್ವೀಪದಲ್ಲಿ ಅವಳನ್ನು ಮತ್ತೆ ಓಡಾಡಿಸಿದ್ದಾರೆ.

ಕಂಬಳಿಕೊಪ್ಪೆ:
ಇಲ್ಲಿ ಬರೆಯುವುದೇ ಕಡಿಮೆ ನಾನು. ಇವತ್ತು ಬರೆಯುತ್ತೇನೆ.

ತೊಂಬತ್ತರ ದಶಕ. ಶಿವಮೊಗ್ಗದಲ್ಲಿ ಕಾಲೇಜು. ದಿನಾ ಬೆಳಗ್ಗೆ ಊರಿಂದ ಬಸ್ಸು, ಮಂಡಗದ್ದೆ, ಗಾಜನೂರು ದಾಟಿ. ಒಬ್ಬಳು ಹುಡುಗಿ ಹತ್ತುತ್ತಿದ್ದಳು. ಎರಡು ವರ್ಷ ಅವಳಿಗಾಗಿ ಅದೇ ಬಸ್ಸು ಹಿಡಿದೆ. ನನ್ನ ಕ್ಲಾಸು ಮಧ್ಯಾಹ್ನ ಇದ್ದ ದಿನವೂ. ಇಳಿದ ಮೇಲೆ ಹಿಂದೆ ನಡೆಯುತ್ತಿದ್ದೆ. ಮಾತಾಡಿಸಲಿಲ್ಲ, ಕಾಗದ ಕೊಡಲಿಲ್ಲ, ಮುಟ್ಟಲಿಲ್ಲ. ಹಾಗಾಗಿ ನಾನು ಒಳ್ಳೆಯವನು ಅಂದುಕೊಂಡಿದ್ದೆ. ಹಾಸ್ಟೆಲ್ಲಿನ ಗೆಳೆಯರಿಗೂ ನಾನು ದೊಡ್ಡ ಪ್ರೇಮಿ. ಪದ್ಯ ಬರೆಸಿಕೊಳ್ಳುತ್ತಿದ್ದರು.

ಒಂದು ದಿನ ಅವಳು ಆ ಬಸ್ಸಿಗೆ ಬರಲಿಲ್ಲ. ಮರುದಿನವೂ ಇಲ್ಲ. ಆಮೇಲೆ ಗೊತ್ತಾಯಿತು, ಒಂದು ಗಂಟೆ ಮೊದಲಿನ ಬಸ್ಸಿಗೆ ಹೋಗುತ್ತಾಳಂತೆ. ನಾನು ಅದನ್ನೂ ಏನಂದುಕೊಂಡೆ ಗೊತ್ತಾ? ನಾಚಿಕೆ ಅಂದುಕೊಂಡೆ. ಮಳೆಗಾಲದಲ್ಲಿ, ಕತ್ತಲಿರುವಾಗಲೇ, ಒಂದು ಗಂಟೆ ಮೊದಲು ಮನೆ ಬಿಡುವ ಹುಡುಗಿ ನಾಚಿಕೆಗೆ ಹೋಗುತ್ತಾಳಾ?

ಈ ಸಿನಿಮಾದಲ್ಲಿ ಅಡೆಲ್ ರಾತ್ರಿ ಅವನ ಹಿಂದೆ ಹೋಗಿ, ಅವನು ಇನ್ನೊಬ್ಬಳ ಜೊತೆ ಇರುವುದನ್ನು ಹೊರಗೆ ನಿಂತು ನೋಡುತ್ತಾಳಲ್ಲ, ನೋಡಿ ಸಣ್ಣಗೆ ನಗುತ್ತಾಳಲ್ಲ. ಅಲ್ಲಿ ನಿಲ್ಲಿಸಿದೆ. ಮುಂದೆ ನೋಡಲು ಎರಡು ದಿನ ಬೇಕಾಯಿತು.

ಸಾಗರದ ಸೊಸೆ:
ಕಂಬಳಿಕೊಪ್ಪೆ ಅವರೇ, ಬರೆದದ್ದು ಒಳ್ಳೆಯದಾಯಿತು.

ಮಲ್ಲಿಗೆ ದಂಡೆ:
ಒಳ್ಳೆಯದಾಯಿತು ಅಂತ ನನಗೆ ಅಷ್ಟು ಸುಲಭಕ್ಕೆ ಹೇಳಲು ಬರುವುದಿಲ್ಲ, ಕ್ಷಮಿಸಿ. ನಾನು ಬೇರೆ ರೂಟಿನವಳು, ಬೇರೆ ಕಾಲದವಳು. ಆದರೆ ಬಸ್ಸು ಬದಲಾಯಿಸಿದ ಹುಡುಗಿ ನಾನೂ ಹೌದು.

ನಮ್ಮ ಬಸ್ಸಿನ ಕಂಡಕ್ಟರು ವಯಸ್ಸಾದವರು. ಏನೂ ಕೇಳಲಿಲ್ಲ. ಒಂದು ದಿನದಿಂದ ಡ್ರೈವರ್ ಹಿಂದಿನ ಸೀಟಿನಲ್ಲಿ ಅವರ ಟಿಕೆಟ್ ಚೀಲ ಇಟ್ಟಿರುತ್ತಿದ್ದರು. ನಾನು ಹತ್ತಿದ ಮೇಲೆ ತೆಗೆಯುತ್ತಿದ್ದರು. ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ ಅಂತ ಹೇಳಿರಲಿಲ್ಲ. ಎರಡು ಸೆಮಿಸ್ಟರ್ ನಾನು ಕಿಟಕಿಯಿಂದ ಹೊರಗೆ ನೋಡಲಿಲ್ಲ. ತುಂಗೆ ತುಂಬಿ ಹರಿದ ವರ್ಷ ಅದು. ಎಲ್ಲರೂ ನೋಡಿ ಬಂದು ಹೇಳುತ್ತಿದ್ದರು. ನನಗೆ ಆ ವರ್ಷದ ಹೊಳೆ ನೆನಪಿಲ್ಲ.

ಅದಕ್ಕೇ ನನಗೆ ಈ ಸಿನಿಮಾದಲ್ಲಿ ಒಂದು ಕೊರತೆ ಕಂಡಿತು. ಪಿನ್ಸನ್ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದ, ಹೊರಗೆ ಹೆಜ್ಜೆ ಸದ್ದು ಕೇಳಿದರೆ ಬೆಚ್ಚುತ್ತಿದ್ದನಾ, ಅದು ಗೊತ್ತಾಗುವುದೇ ಇಲ್ಲ. ಕಡುಬು ಹೇಳಿದ ಹಾಗೆ ಅವನೂ ಪಾಪವೇ ಇರಬಹುದು. ಮುಖದ ಮೇಲಿನಿಂದ ಕ್ಯಾಮೆರಾ ಕದಲುವುದಿಲ್ಲ ಅಂತ ಹಳೇ ಪ್ರೊಜೆಕ್ಟರ್ ಸಾರ್ ಹೊಗಳಿದರು. ಕದಲಬೇಕಿತ್ತು.

ಹಳೇ ಪ್ರೊಜೆಕ್ಟರ್:
ಮಲ್ಲಿಗೆ ದಂಡೆ, ಇದಕ್ಕೆ ನನ್ನ ಬಳಿ ಉತ್ತರ ಇಲ್ಲಮ್ಮ. ಐವತ್ತು ವರ್ಷ ಸಿನಿಮಾ ನೋಡಿದ್ದೇನೆ, ಈ ಕಡೆಯಿಂದ ನೋಡಿರಲಿಲ್ಲ.

ಕಂಬಳಿಕೊಪ್ಪೆ:
ನಾನು ಓದಿದೆ. ಏನೂ ಹೇಳುವುದಿಲ್ಲ.

ಅಪ್ಪೆಮಿಡಿ:
ಎರಡು ದಿನ ನೆಟ್‌ವರ್ಕ್ ಇರಲಿಲ್ಲ. ಈಗ ಎಲ್ಲ ಒಟ್ಟಿಗೆ ಓದಿದೆ. ಸಿನಿಮಾ ಮುಗಿಸಿದ್ದೂ ನಿನ್ನೆಯೇ.

ಬಾರ್ಬಡೋಸ್ ಭಾಗದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. 1866ರಲ್ಲಿ ಪಿನ್ಸನ್‌ನ ದಂಡು ಅಲ್ಲಿಗೆ ಹೋಗುತ್ತದೆ, ಇವಳೂ ಹೋಗುತ್ತಾಳೆ. ಅಷ್ಟರಲ್ಲಿ ಅವಳ ಹತ್ತಿರ ಏನೂ ಉಳಿದಿಲ್ಲ. ಹರಿದ ಉದ್ದ ಉಡುಪು, ಬಿಸಿಲು, ಹಿಂದೆ ಮಕ್ಕಳು. ಇಲ್ಲಿ ಆಗುವುದು ನೋಡಿ. ಈ ಸಲ ಹಿಂದೆ ಬರುವವನು ಪಿನ್ಸನ್. ಹೆಸರು ಹಿಡಿದು ಕರೆಯುತ್ತಾನೆ. ಎದುರಿಗೇ ಬಂದು ನಿಲ್ಲುತ್ತಾನೆ. ಅವಳು ಅವನನ್ನು ದಾಟಿಕೊಂಡು ನಡೆದುಹೋಗುತ್ತಾಳೆ. ಗುರುತೇ ಸಿಗುವುದಿಲ್ಲ.

ನಾನು ದೊಡ್ಡಮ್ಮನ ಕಡೆ ನೋಡಿದೆ. "ನೋಡಿ, ನೀವು ಹೇಳಿದ್ದೇ ಸರಿ, ಅವನು ಬೇಕಾಗಿರಲೇ ಇಲ್ಲ" ಅಂದೆ. ಅವರು ಒಪ್ಪಲಿಲ್ಲ. "ಬೇಕಾಗಿತ್ತು. ನಾನು ಮೊನ್ನೆ ಹಗುರವಾಗಿ ಅಂದುಬಿಟ್ಟೆ" ಅಂದರು. ಆಮೇಲೆ ತುಂಬ ಹೊತ್ತು ಮಾತಿಲ್ಲ. ಮಲ್ಲಿಗೆ ದಂಡೆಯವರು ಬರೆದದ್ದನ್ನೂ ಓದಿ ಹೇಳಿದೆ. "ಆ ಕಂಡಕ್ಟರ್ ಇದಾರಾ?" ಅಂತ ಕೇಳಿದರು.

ನಿಜ ಜೀವನದಲ್ಲಿ ಪಿನ್ಸನ್ ದ್ವೀಪ ಬಿಟ್ಟು ಹೋದ ಮೇಲೂ ಅಡೆಲ್ ಅಲ್ಲೇ ಉಳಿದಳು. 1872ರಲ್ಲಿ ಬಾ ಅನ್ನುವ ಅಲ್ಲಿನ ಕಪ್ಪು ಹೆಂಗಸೊಬ್ಬಳು ಅವಳನ್ನು ಫ್ರಾನ್ಸಿಗೆ ಕರೆದುಕೊಂಡು ಬಂದಳು. ಯಾರು, ಯಾಕೆ ಅಂತ ಕೇಳದೆ ಅನ್ನ ಹಾಕಿದವಳು ಅವಳೊಬ್ಬಳೇ. ಆಮೇಲೆ ಅಪ್ಪ ಆಸ್ಪತ್ರೆಗೆ ಸೇರಿಸಿದ. 1885ರಲ್ಲಿ ಅಪ್ಪ ಹೋದಾಗ ಪ್ಯಾರಿಸ್ ಬೀದಿಯಲ್ಲಿ ಜನಸಾಗರ. ಅಡೆಲ್ ತೀರಿಕೊಂಡದ್ದು 1915ರಲ್ಲಿ, 84ನೇ ವಯಸ್ಸಿನಲ್ಲಿ, ಮಹಾಯುದ್ಧದ ಗದ್ದಲದ ನಡುವೆ. ನಲವತ್ತು ವರ್ಷದ ಮೇಲೆ ಗೋಡೆಯ ಒಳಗೆ ಪಿಯಾನೋ, ತೋಟ, ಬರವಣಿಗೆ.

ಅವಳ ದಿನಚರಿಯಲ್ಲಿ ಕೆಲವು ಕಡೆ ಗುಪ್ತ ಲಿಪಿಯಂತೆ ಅಕ್ಷರ ತಿರುವುಮುರುವು ಮಾಡಿದ ಭಾಷೆ. ಫ್ರಾನ್ಸಿಸ್ ವೆರ್ನರ್ ಗೀಲ್ ಅನ್ನುವ ಅಮೆರಿಕದ ವಿದ್ವಾಂಸೆ ಅದನ್ನು ಬಿಡಿಸಿ 1968ರಿಂದ ಪ್ರಕಟಿಸಿದರು. ಸಿನಿಮಾ ಹುಟ್ಟಿದ್ದೇ ಅದರಿಂದ. ಸುತ್ತ ಎಲ್ಲರೂ ಬರೆಯುವ ಮನೆಯಲ್ಲಿ ಯಾರೂ ಓದಬಾರದು ಅಂತ ಬರೆದವಳು ಇವಳೊಬ್ಬಳು.

ಕೊಟ್ಟೆ ಕಡುಬು:
ಸರಿ, ನಾನು ಮತ್ತೆ ಒಂದು ಸಲ ನೋಡುತ್ತೇನೆ. ಸಾಗರದಲ್ಲಿ ಯಾರಾದರೂ ಗೋಡೆಗೆ ಹಾಕಿ ತೋರಿಸುವುದಾದರೆ ಹೇಳಿ, ಬರುತ್ತೇನೆ. ಕಡುಬು ನಾನೇ ತರುತ್ತೇನೆ.

ಹಳೇ ಪ್ರೊಜೆಕ್ಟರ್:
ನಮ್ಮ ಮನೆ ಅಂಗಳದ ಚಪ್ಪರ ಇದೆ. ಆದರೆ ಮಳೆ ಬಿಡಬೇಕು. ನವರಾತ್ರಿ ಹೊತ್ತಿಗೆ ನೋಡೋಣ. ಅಪ್ಪೆಮಿಡಿ, ದೊಡ್ಡಮ್ಮನನ್ನು ಕರೆದುಕೊಂಡು ಬನ್ನಿ. ಕನ್ನಡದಲ್ಲಿ ಹೇಳುವ ಕೆಲಸ ಈ ಸಲ ನಾನು ಮಾಡುತ್ತೇನೆ.

ಅಪ್ಪೆಮಿಡಿ:
ಕೇಳಿದೆ ಸಾರ್. ಬರುತ್ತಾರಂತೆ. ಆದರೆ ಒಂದು ಷರತ್ತು. ಬಾರ್ಬಡೋಸಿಗೆ ಹಡಗು ಹತ್ತುವ ಮೊದಲೇ ನಿಲ್ಲಿಸಬೇಕಂತೆ.